ಊರಿಗೆಲ್ಲ ಒಂದೇ ಕೆನ್ನೆ

ನನ್ನ ಸ್ಟುಡಿಯೋದಲ್ಲಿ, ನನ್ನ ಕಂಪ್ಯೂಟರಿನ ಮುಂದೆ, ನನ್ನ ಕುರ್ಚಿಯ ಮೇಲೆ ನಾನು ಹಕ್ಕಿನಿಂದ ಕೂತು ಇವತ್ತಿಗೆ ಐದಾರು ತಿಂಗಳಾಯಿತು. ಅದರಲ್ಲೀಗ ನನ್ನ ಹೆಂಡತಿ ವಡಿವಾಂಬಾಳ್ ಕೂರುತ್ತಾಳೆ. ನಾನು ಗಿರಾಕಿಗಳ ಬೆಂಚಿನ ತುದಿಯಲ್ಲಿ ಕೂತಿರುತ್ತೇನೆ. ಯಾರಾದರೂ ಬಂದರೆ ಎದ್ದು, "ಗದ್ದ ಸ್ವಲ್ಪ ಕೆಳಗೆ, ಕಣ್ಣು ಮಿಟುಕಿಸಬೇಡಿ" ಅಂತ ಹೇಳಿ ಫೋಟೋ ತೆಗೆದುಕೊಡುತ್ತೇನೆ. ಅಲ್ಲಿಗೆ ನನ್ನ ಅಧಿಕಾರ ಮುಗಿಯಿತು. ತೆಗೆದ ಮುಖವನ್ನು ತಿದ್ದುವ ಮಹತ್ಕಾರ್ಯಕ್ಕೆ ನನಗೆ ಪ್ರವೇಶವಿಲ್ಲ. ತಿರುಚ್ಚಿ ಪಕ್ಕದ ಮಣಪ್ಪಾರೈ ಊರಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಮಾಸಿಲಾಮಣಿ ಸ್ಟುಡಿಯೋ ನಡೆಸುತ್ತಿರುವ ಮಾಸಿಲಾಮಣಿಗೆ, ಅಂದರೆ ನನಗೆ, ಈ ಗತಿ ಬಂತಲ್ಲ ಅಂತ ನೀವು ಕೇಳಬಹುದು. ಬೇರೆ ಯಾರೂ ಕೇಳಲಿಲ್ಲ.

ಇದಕ್ಕೆಲ್ಲ ಮೂಲ ಚರ್ಮ.

ದೇವರು ಕೊಟ್ಟ ಚರ್ಮ ಮನುಷ್ಯನಿಗೆ ಇಷ್ಟವಿಲ್ಲ ಅನ್ನೋದು ನಮ್ಮ ಕಸುಬಿನ ಮೊದಲನೇ ಪಾಠ. ಎದುರು ಬಂದು ಕೂರುವಾಗ ಮೊಡವೆ, ಕಲೆ, ಗುಳಿ, ಸುಕ್ಕು ಎಲ್ಲ ಹೊತ್ತುಕೊಂಡು ಬರುತ್ತಾರೆ. ಫೋಟೋ ಕೈಗೆ ಬಂದಾಗ ಅದರಲ್ಲಿ ಒಂದೂ ಕಾಣಕೂಡದು. ಹಿಂದೆ ಕುಂಚ ಹಿಡಿದು ಒಂದೊಂದು ಮೊಡವೆಗೂ ಪ್ರತ್ಯೇಕ ಸಂಸ್ಕಾರ ಮಾಡುತ್ತಿದ್ದೆ. ಆಮೇಲೆ ಸಾಫ್ಟ್‌ವೇರ್ ಬಂತು. ಅದರಲ್ಲೊಂದು ಕಡ್ಡಿ ಇರುತ್ತದೆ, ಅದನ್ನು ಬಲಕ್ಕೆ ಎಳೆದರೆ ಮುಖದ ಮೇಲಿರುವ ಸಮಸ್ತ ಕಷ್ಟಗಳೂ ಮಾಯ. ನಾನು ಎಳೆದೇ ಎಳೆದೆ. ಹನ್ನೆರಡು ವರ್ಷ ನಮ್ಮ ತಾಲ್ಲೂಕಿನ ವಧುಗಳೆಲ್ಲ ಬೇಯಿಸಿ ಸಿಪ್ಪೆ ತೆಗೆದ ಮೊಟ್ಟೆಗೆ ಎರಡು ಕಣ್ಣು ಬರೆದ ಹಾಗಿದ್ದರು. ಯಾರೂ ದೂರಲಿಲ್ಲ. (ವರರೂ ದೂರಲಿಲ್ಲ. ಅವರನ್ನೂ ಸುಲಿದಿದ್ದೆ.)

ಎರಡು ವರ್ಷದ ಹಿಂದೆ ತಿರುಚ್ಚಿಯಲ್ಲಿ ಓದಿದ ಒಬ್ಬ ಹುಡುಗಿ ಮದುವೆ ಆಲ್ಬಂ ವಾಪಸ್ ತಂದು ಮೇಜಿನ ಮೇಲಿಟ್ಟು, "ಅಂಕಲ್, ನನ್ನ ಚರ್ಮ ಎಲ್ಲಿ?" ಅಂದಳು.

ತೆಗೆದದ್ದನ್ನು ಯಾರೂ ವಾಪಸ್ ಕೇಳಿದ್ದೇ ಇಲ್ಲ.

"ಮುಖ ಮುಖದ ಥರ ಇರಬೇಕು ಅಂಕಲ್. ಕಲೆ ಬೇಡ, ಆದರೆ ಚರ್ಮ ಬೇಕು. ಈಗ ಎಲ್ಲ ಕಡೆ ಹಾಗೇ ಮಾಡ್ತಾರೆ" ಅಂದಳು.

ವಿಚಾರಿಸಿ ನೋಡಿದೆ. ನಿಜವೇ. ಮುಖವನ್ನು ಮೊದಲು ಇಸ್ತ್ರಿ ಹಾಕಿದ ಹಾಗೆ ನುಣ್ಣಗೆ ಮಾಡಿ, ಆಮೇಲೆ ಅದರ ಮೇಲೆ ಸಣ್ಣ ಸಣ್ಣ ರಂಧ್ರಗಳಿರುವ ಒಂದು ಚರ್ಮದ ಪದರವನ್ನು ತೆಳ್ಳಗೆ ಹೊದಿಸಬೇಕು. ಪದರ ಅಂದರೆ ಇನ್ಯಾರದೋ ಕೆನ್ನೆಯ ಹತ್ತಿರದ ಫೋಟೋ. ಇಂಟರ್‌ನೆಟ್‌ನಲ್ಲಿ ಸಿಕ್ಕಿದವೆಲ್ಲ ವಿಲಾಯ್ತಿ ಚರ್ಮಗಳು. ನಮ್ಮವರ ಮುಖಕ್ಕೆ ಹೊದಿಸಿದರೆ ಕೇಸರಿಬಾತಿನ ರವೆ ಮೆತ್ತಿಕೊಂಡ ಹಾಗೆ ಕಾಣುತ್ತಿತ್ತು. ನನ್ನದೇ ಕೆನ್ನೆ ತೆಗೆದು ಒಬ್ಬ ವಧುವಿಗೆ ಹೊದಿಸಿ ನೋಡಿದೆ. ಆ ಹುಡುಗಿಗೆ ಎರಡು ದಿನದ ಗಡ್ಡ ಬಂತು. ಕೂಡಲೇ ಅಳಿಸಿ, ಎದ್ದು ಹೋಗಿ ನೀರು ಕುಡಿದೆ.

ಹಾಗೆ ನೀರು ಕುಡಿಯಲು ಮನೆಯೊಳಗೆ ಹೋದಾಗ (ಸ್ಟುಡಿಯೋ ಮುಂದೆ, ಮನೆ ಹಿಂದೆ) ವಡಿವು ಕಿಟಕಿ ಪಕ್ಕ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಬೆಳಗಿನ ಬಿಸಿಲು ಓರೆಯಾಗಿ ಅವಳ ಎಡಗೆನ್ನೆ ಮೇಲೆ ಬಿದ್ದಿತ್ತು. ಒಂದೊಂದು ರಂಧ್ರವೂ ಎಣಿಸುವ ಹಾಗೆ ಕಾಣುತ್ತಿತ್ತು. ನಾನು ಓಡಿಹೋಗಿ ಕ್ಯಾಮೆರಾ ತಂದೆ.

"ಏನ್ರೀ ಇದು, ನನ್ನ ಫೋಟೋ ಯಾಕೆ?" ಅಂತ ಸೆರಗಿನಿಂದ ಮುಖ ಒರೆಸಿಕೊಂಡಳು.

"ಒರೆಸಬೇಡ, ಹಾಗೇ ಇರು. ಚೆನ್ನಾಗಿದೆ" ಅಂದೆ.

ಅವಳು ಹಾಗೇ ಇದ್ದಳು. ಕಿವಿ ತುದಿ ಸ್ವಲ್ಪ ಕೆಂಪಾಯಿತು. ನಾನು ಕೆನ್ನೆಯನ್ನಷ್ಟೇ ಹದಿನಾಲ್ಕು ಸಲ ಹೊಡೆದುಕೊಂಡು ಹೊರಟುಹೋದೆ. ಅವತ್ತು ಮಧ್ಯಾಹ್ನ ನನಗೆ ಎರಡು ಹಪ್ಪಳ ಜಾಸ್ತಿ ಬಿತ್ತು. ಯಾಕೆ ಅಂತ ನಾನು ಯೋಚಿಸಲಿಲ್ಲ. ಯೋಚಿಸಬೇಕಿತ್ತು.

ಅವಳ ಕೆನ್ನೆ ಎಲ್ಲರಿಗೂ ಒಪ್ಪಿತು. ಕಪ್ಪು, ಎಣ್ಣೆಗೆಂಪು, ಗೋಧಿ ಬಣ್ಣ, ಯಾವ ಮುಖಕ್ಕೆ ಹೊದಿಸಿದರೂ ಅಲ್ಲೇ ಹುಟ್ಟಿದ್ದು ಅನ್ನುವ ಹಾಗೆ ಕೂತಿತು. ಒಂದೇ ಒಂದು ತೊಡಕು. ವಡಿವುವಿನ ಎಡಗೆನ್ನೆ ಎಲುಬಿನ ಕೆಳಗೆ ಸಣ್ಣಂದಿನಲ್ಲಿ ಸೀತಾಳೆ ಸಿಡುಬೆದ್ದ ಒಂದು ಗುಳಿ ಇದೆ, ಎಳ್ಳುಕಾಳಷ್ಟು. ಅದರ ಕೆಳಗೆ ಮುರುಕು ಕರಿಯುವಾಗ ಎಣ್ಣೆ ಸಿಡಿದ ಎರಡು ಚುಕ್ಕೆ. ಆ ಮೂರನ್ನೂ ಅಳಿಸಿ ಆಮೇಲೆ ಬಳಸೋಣ ಅಂದುಕೊಂಡೆ. ಅಷ್ಟರಲ್ಲಿ ಸಂಕ್ರಾಂತಿ ಕಳೆದು ತೈ ತಿಂಗಳ ಮುಹೂರ್ತಗಳು ಶುರುವಾದವು, ಮರೆತೆ. ಹೀಗೆ ಎರಡು ವರ್ಷ ನಮ್ಮ ತಾಲ್ಲೂಕಿನ ಸಕಲ ಕನ್ಯಾಮಣಿಗಳೂ ನನ್ನ ಹೆಂಡತಿಯ ಚರ್ಮ ಹೊದ್ದುಕೊಂಡು ಸೌಭಾಗ್ಯವತಿಯರಾದರು.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಸತ್ತವರಿಗೆ ನಾನು ಚರ್ಮ ಹೊದಿಸುವುದಿಲ್ಲ. ಒಮ್ಮೆ ಹೊದಿಸಿದ್ದೆ. ಶ್ರದ್ಧಾಂಜಲಿ ಪೋಸ್ಟರು ನೋಡಿ ಆ ಮುದುಕನ ಹೆಂಡತಿ, "ಅಯ್ಯೋ, ಈಗಲೇ ಎದ್ದು ಬಂದು ಬಯ್ಯೋ ಹಾಗಿದ್ದಾರಲ್ಲಪ್ಪ" ಅಂತ ಕುಸಿದು ಕೂತಳು. ಅಂದಿನಿಂದ ನಿಯಮ ಮಾಡಿದೆ. ಬದುಕಿದ್ದವರಿಗೆ ಚರ್ಮ, ಹೋದವರಿಗೆ ಬರೀ ನುಣುಪು ಮತ್ತು ಹೊಳಪು. ಊರ ಕಣ್ಣೂ ಅದಕ್ಕೆ ಒಗ್ಗಿಹೋಗಿದೆ. ಮದುವೆ ಬ್ಯಾನರಿನಲ್ಲಿ ಮೇಲಿನ ಸಾಲಲ್ಲಿ ತೀರಿಕೊಂಡ ಅಜ್ಜ ಅಜ್ಜಿಯರ ಹೊಳೆಯುವ ಮುಖ, ಕೆಳಗೆ ಬದುಕಿದ್ದವರ ರಂಧ್ರವಿರುವ ಮುಖ. ಎಲ್ಲಾದರೂ ನುಣ್ಣನೆ ಮುಖ ಕಂಡರೆ ನಮ್ಮೂರಲ್ಲಿ ಜನ ಸೈಕಲ್ ಇಳಿದು, "ಯಾವಾಗ ಆಯ್ತು?" ಅನ್ನುತ್ತಾರೆ.

ಇನ್ನು ನನ್ನ ಮಗಳ ವಿಷಯಕ್ಕೆ ಬರುತ್ತೇನೆ. ಹೆಸರು ಇಳವೆನಿಲ್, ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಬಂದ ಎರಡು ಸಂಬಂಧ ಜಾತಕದಲ್ಲೇ ಮುರಿದಿದ್ದವು. ಮೂರನೆಯದು ತುರೈಯೂರಿನ ಹುಡುಗ, ಕದಿರವನ್, ಪಶುವೈದ್ಯ. ಜಾತಕ ಕೂಡಿತು. ಹುಡುಗ ಒಳ್ಳೆಯವನು ಅಂತ ನಾಲ್ಕು ಕಡೆಯಿಂದ ಕೇಳಿಬಂತು. ಇಳವೆನಿಲ್ ಬಾಯಿಬಿಟ್ಟು ಹೇಳದಿದ್ದರೂ ಅವನ ಫೋಟೋವನ್ನು ಪಾಠದ ಪುಸ್ತಕದೊಳಗೆ ಇಟ್ಟುಕೊಂಡಿದ್ದನ್ನು ವಡಿವು ನೋಡಿದ್ದಳು. "ಇದು ಕೈತಪ್ಪಬಾರದು ಕಣ್ರೀ" ಅಂತ ದಿನಾ ಮೂರು ಹೊತ್ತು ಅಂದಳು. ನನಗೂ ಅದೇ ಆಸೆ. ಅದಕ್ಕೇ ಮಗಳ ಫೋಟೋವನ್ನು ನನ್ನ ಜೀವಮಾನದ ಸಮಸ್ತ ವಿದ್ಯೆ ಧಾರೆಯೆರೆದು ತಿದ್ದಿದೆ.

"ಅಪ್ಪಾ, ಇದು ನಾನಲ್ಲ" ಅಂದಳು ಮಗಳು.

"ಈ ಊರಲ್ಲಿ ನನ್ನ ಕೈ ಸೋಕದೆ ಯಾವ ಹುಡುಗಿಗೆ ಮದುವೆಯಾಗಿದೆ ಹೇಳು. ನೀನು ಸುಮ್ಮನಿರು" ಅಂದೆ.

ಮದುವೆ ದಲ್ಲಾಳಿ ಚೊಕ್ಕಲಿಂಗಂ ಆ ಫೋಟೋ ಒಯ್ದು ಕೊಟ್ಟ. ಆರು ವಾರ ಬಿಟ್ಟು, ಶಿವರಾತ್ರಿ ಬರುವ ಮಾಸಿ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಅವರು ಹೆಣ್ಣು ನೋಡಲು ಬಂದರು. ಹುಡುಗ, ಅವನ ತಾಯಿ, ಚೊಕ್ಕಲಿಂಗಂ, ಮೂರೇ ಜನ. ಕೇಸರಿಬಾತು, ಬಾಳೆಕಾಯಿ ಬಜ್ಜಿ ತಟ್ಟೆಗೆ ಬಿತ್ತು. ಹುಡುಗ ತಲೆ ಬಗ್ಗಿಸಿ ಬಜ್ಜಿ ತಿಂದ. ತಾಯಿ ತಿನ್ನಲಿಲ್ಲ.

ಈ ತಾಯಿಯ ಹೆಸರು ಸೌಂದರವಲ್ಲಿ. ಮೂವತ್ತೆರಡು ವರ್ಷ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಜಮೀನು ಬರೆಸಲು ಬಂದವರ ಮುಖ ನೋಡಿ, 'ಬಲಗೆನ್ನೆಯಲ್ಲಿ ಮಚ್ಚೆ, ಎಡಹುಬ್ಬಿನಲ್ಲಿ ಗಾಯದ ಗುರುತು' ಅಂತ ಪತ್ರಕ್ಕೆ ತಾಳೆಹಾಕುವುದೇ ಅವರ ಕೆಲಸವಾಗಿತ್ತಂತೆ. ಇದನ್ನು ಚೊಕ್ಕಲಿಂಗಂ ನನಗೆ ಮೊದಲೇ ಹೇಳಬೇಕಿತ್ತು. ಅವನು ಹೇಳಿದ್ದು ಬರೀ "ಸರ್ಕಾರಿ ಪಿಂಚಣಿ ಇದೆ" ಅಂತ.

"ಹುಡುಗೀನ ಸ್ವಲ್ಪ ಬೆಳಕಿಗೆ ಕರೀರಿ" ಅಂದರು ಸೌಂದರವಲ್ಲಿ.

ಇಳವೆನಿಲ್ ಬಂದು ಬಾಗಿಲ ಹತ್ತಿರ ನಿಂತಳು. ಆಕೆ ಕನ್ನಡಕ ಹಾಕಿಕೊಂಡು ಅವಳ ಮುಖ ನೋಡಿದರು, ಚೀಲದಿಂದ ಫೋಟೋ ತೆಗೆದು ನೋಡಿದರು, ಮತ್ತೆ ಮುಖ ನೋಡಿದರು.

"ಗುಳಿ ಎಲ್ಲಿ?"

"ಯಾವ ಗುಳಿ?" ಅಂದೆ.

"ಎಡಗೆನ್ನೆ ಎಲುಬಿನ ಕೆಳಗೆ ಗುಳಿ ಒಂದು, ಅದರ ಕೆಳಗೆ ಚುಕ್ಕೆ ಎರಡು. ಫೋಟೋದಲ್ಲಿದೆ. ಹುಡುಗಿಯಲ್ಲಿಲ್ಲ."

ಎರಡು ವರ್ಷ ಮರೆತದ್ದು ಒಂದೇ ಕ್ಷಣದಲ್ಲಿ ನೆನಪಾಯಿತು. "ವಾಸಿಯಾಗಿರಬೇಕು" ಅಂದೆ. ಯಾಕೆ ಹಾಗಂದೆನೋ ನನಗೇ ಗೊತ್ತಿಲ್ಲ.

"ಆರು ವಾರದಲ್ಲಿ ಗುಳಿ ತುಂಬ್ಕೊಂಡ್ತಾ?"

"ಈ ಊರ ನೀರಿನ ಗುಣ ಅಮ್ಮಾ" ಅಂತ ಚೊಕ್ಕಲಿಂಗಂ ಬಾಯಲ್ಲಿ ಬಜ್ಜಿ ಇಟ್ಟುಕೊಂಡೇ ನನ್ನ ಸಹಾಯಕ್ಕೆ ಬಂದ.

ಸರಿಯಾಗಿ ಆ ಹೊತ್ತಿಗೆ ವಡಿವು ಕಾಫಿ ತಟ್ಟೆ ಹಿಡಿದು ಒಳಗಿನಿಂದ ಬಂದಳು. ಕಿಟಕಿಯ ಓರೆ ಬಿಸಿಲು ಅದೇ ಎಡಗೆನ್ನೆ ಮೇಲೆ ಬಿತ್ತು. ಆ ಬಿಸಿಲಿಗೂ ನನಗೂ ಏನು ಹಗೆತನವೋ. ಸೌಂದರವಲ್ಲಿ ಎದ್ದುನಿಂತರು, ವಡಿವುವಿನ ಹತ್ತಿರ ಹೋದರು, ಗದ್ದ ಹಿಡಿದು ಮುಖವನ್ನು ಮೆಲ್ಲಗೆ ತಿರುಗಿಸಿದರು.

"ಇಲ್ಲಿದೆ" ಅಂದರು.

"ಏನಿದೆ?" ಅಂದಳು ವಡಿವು.

ಸೌಂದರವಲ್ಲಿ ಚೀಲಕ್ಕೆ ಕೈಹಾಕಿ ಇನ್ನೂ ನಾಲ್ಕು ಫೋಟೋ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಇದಕ್ಕೆ ಮೊದಲು ಚೊಕ್ಕಲಿಂಗಂ ಆಕೆಗೆ ತೋರಿಸಿದ್ದ ನಾಲ್ಕು ಹುಡುಗಿಯರು. ನಾಲ್ಕೂ ನನ್ನ ಸ್ಟುಡಿಯೋದವೇ. ಒಬ್ಬಳು ವೈಯಂಪಟ್ಟಿ, ಒಬ್ಬಳು ತುವರಂಕುರಿಚ್ಚಿ, ಒಬ್ಬಳು ಪುತ್ತಾನತ್ತಂ, ಇನ್ನೊಬ್ಬಳು ನಮ್ಮ ದನದ ಸಂತೆಯ ಬೀದಿಯವಳೇ. ನಾಲ್ವರಿಗೂ ಎಡಗೆನ್ನೆಯಲ್ಲಿ ಗುಳಿ ಒಂದು, ಚುಕ್ಕೆ ಎರಡು.

"ನಿಮಗೆ ಎಷ್ಟು ಜನ ಹೆಣ್ಣುಮಕ್ಕಳಮ್ಮಾ?" ಅಂತ ವಡಿವುವನ್ನು ಕೇಳಿದರು.

"ಇವಳೊಬ್ಬಳೇ."

"ಹಂಗಾದ್ರೆ ಇವರೆಲ್ಲ ಯಾರ ಮಕ್ಕಳು?"

ವಡಿವು ಫೋಟೋಗಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೇನೆ, ಅಂಥ ನೋಟ ನಾನು ಕಂಡಿರಲಿಲ್ಲ. ತಾಲ್ಲೂಕಿನ ನಾಲ್ಕು ದಿಕ್ಕಿನಲ್ಲೂ ನನಗೆ ಮನೆಗಳಿವೆಯೋ ಅಂತ ಆ ನೋಟ ಲೆಕ್ಕಹಾಕುತ್ತಿತ್ತು. ಮಾಡದ ಪಾಪಕ್ಕಿಂತ ಮಾಡಿದ ಪಾಪ ಒಪ್ಪಿಕೊಳ್ಳುವುದೇ ಮೇಲು ಅನ್ನಿಸಿ ಎಲ್ಲವನ್ನೂ ಗಡಗಡ ಹೇಳಿಬಿಟ್ಟೆ. ಇಸ್ತ್ರಿ, ಪದರ, ಹೊದಿಕೆ, ವಿಲಾಯ್ತಿ ಚರ್ಮ, ಕಿಟಕಿ, ಯಾವುದನ್ನೂ ಬಿಡಲಿಲ್ಲ.

ಹೇಳಿ ಮುಗಿಸಿದ ಮೇಲೆ ವಡಿವು ಕೇಳಿದ್ದು ಒಂದೇ ಮಾತು. "ಅವತ್ತು ನುಗ್ಗೆಸೊಪ್ಪು ಬಿಡಿಸ್ತಾ ಇದ್ದಾಗ ತೆಗೆದ್ರಲ್ಲ, ಅದು ಇದಕ್ಕಾ?"

"ಹೂಂ."

"ಮದುವೆಯಾದ ಮೇಲೆ ನಾನು ಕೇಳದೇ ನೀವು ನನ್ನ ಫೋಟೋ ತೆಗೆದದ್ದು ಅದೊಂದೇ ಸಲ. ನಾನು ಏನೇನೋ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಎಲ್ಲರಿಗೂ ಕಾಫಿ ಕೊಟ್ಟಳು. ನನಗೆ ಕೊಡಲಿಲ್ಲ. ನನ್ನ ಲೋಟವನ್ನು ತಟ್ಟೆಯಲ್ಲೇ ಇಟ್ಟುಕೊಂಡು ಒಳಗೆ ಹೋದಳು. ನನಗೆ ನಾಚಿಕೆಯಾಯಿತು. ಸುಳ್ಳು ಹೇಳುವುದಿಲ್ಲ, ಕಾಫಿ ಹೋದದ್ದಕ್ಕೂ ಬೇಜಾರಾಯಿತು.

ಸೌಂದರವಲ್ಲಿ ಫೋಟೋಗಳನ್ನು ಜೋಡಿಸಿ ಚೀಲಕ್ಕೆ ಹಾಕಿದರು. "ನಮ್ಮ ಕಚೇರಿಯಲ್ಲಿ ಒಬ್ಬರ ಗುರುತು ಇನ್ನೊಬ್ಬರ ಮೇಲೆ ಬಂದರೆ ಪತ್ರ ಅಲ್ಲೇ ರದ್ದು. ನಡಿಯಪ್ಪಾ ಕದಿರವಾ" ಅಂದರು.

ಇಳವೆನಿಲ್ ಬಾಗಿಲಲ್ಲೇ ನಿಂತಿದ್ದಳು. ಹೊರಗೆ ಹೋಗಬೇಕಾದರೆ ಅವಳನ್ನು ದಾಟಿಯೇ ಹೋಗಬೇಕು. ಅವಳು ಸರಿಯಲಿಲ್ಲ. ಸೆರಗಿನಿಂದ ಮುಖದ ಪೌಡರ್ ಒರೆಸಿಕೊಂಡು, "ಅತ್ತೆ, ಒಂದು ನಿಮಿಷ. ಅಪ್ಪ ಮಾಡಿದ್ದು ತಪ್ಪು. ನನ್ನ ಗುರುತು ನಾನೇ ಹೇಳ್ತೀನಿ, ಬರಕೊಳ್ಳಿ. ಹಣೆ ಮೇಲೆ ಮೊಡವೆ ಮೂರು. ಗದ್ದದ ಕೆಳಗೆ ಸೈಕಲ್ಲಿಂದ ಬಿದ್ದ ಗಾಯ. ಮೂಗಿನ ಪಕ್ಕ ಕಪ್ಪು ಕಲೆ, ಅದು ಹೋಗಲ್ಲ. ನೋಡಿ ಆಮೇಲೆ ಬೇಡ ಅನ್ನಿ. ನೋಡದೇ ಬೇಡ ಅನ್ನಬೇಡಿ" ಅಂದಳು.

ಪುಸ್ತಕದೊಳಗಿನ ಆ ಫೋಟೋ ನನಗೆ ನೆನಪಾಯಿತು. ನೆಲ ನೋಡುತ್ತಾ ನಿಂತೆ.

ಆಗ ಹುಡುಗ ಮೊದಲ ಸಲ ಬಾಯಿಬಿಟ್ಟ. "ನಾನು ದಿನಾ ನೋಡೋ ಚರ್ಮದ ಲೆಕ್ಕದಲ್ಲಿ ಇದು ತುಂಬಾ ಚೆನ್ನಾಗಿದೆ" ಅಂದ.

ಅವನು ದಿನಾ ನೋಡುವುದು ಎಮ್ಮೆ, ಹಸು. ಎಲ್ಲರೂ ಅವನ ಕಡೆ ತಿರುಗಿದರು. ಹುಡುಗ ಬೆವೆತುಹೋದ. ಇಳವೆನಿಲ್‌ಗೆ ನಗು ಬಂತು, ತುಟಿ ಕಚ್ಚಿ ತಡೆದಳು.

"ಇದೇ ಅಮ್ಮಾ" ಅಂದ ಹುಡುಗ. "ಫೋಟೋದಲ್ಲೂ ಇವರು ಹೀಗೇ ನಗು ತಡ್ಕೊಂಡಿದ್ರು. ನಾನು ನೋಡಿದ್ದು ಅದನ್ನೇ. ಕೆನ್ನೆ ನಾನು ನೋಡೇ ಇಲ್ಲ."

ಆ ಫೋಟೋದಲ್ಲಿ ನಾನು ಮುಟ್ಟದೇ ಬಿಟ್ಟಿದ್ದು ತುಟಿ ಒಂದನ್ನೇ.

ಸೌಂದರವಲ್ಲಿ ಮಗನನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ, "ಹೇಳಿ ಕಳಿಸ್ತೀವಿ" ಅಂದು ಹೊರಟರು. ಬೇಡ ಅನ್ನಲಿಲ್ಲ, ಬೇಕು ಅನ್ನಲಿಲ್ಲ. ಚೊಕ್ಕಲಿಂಗಂ ಮಿಕ್ಕ ಬಜ್ಜಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹಿಂದೆ ಹೋದ.

ಆಮೇಲಿನ ಎಂಟು ದಿನ ತುರೈಯೂರಿನಿಂದ ಸುದ್ದಿಯಿರಲಿಲ್ಲ. ಫೋನು ಬಡಿದರೆ ಮೂವರೂ ಓಡಿಬರುತ್ತಿದ್ದೆವು, ಅದು ಸಿಲಿಂಡರಿನವನದಾಗಿರುತ್ತಿತ್ತು. ಇಳವೆನಿಲ್ ಪಾಠದ ಪುಸ್ತಕ ಮುಟ್ಟಲಿಲ್ಲ. ವಡಿವು ನನ್ನ ಎಲೆಗೆ ಅನ್ನ ಹಾಕುವಾಗ ಕೂಡ ಗೋಡೆ ನೋಡುತ್ತಾ ಹಾಕುತ್ತಿದ್ದಳು. ಅರ್ಧ ಅನ್ನ ಬಾಳೆಲೆಯ ಆಚೆ ಬೀಳುತ್ತಿತ್ತು.

ಐದನೇ ದಿನ ನಾನು ಧೈರ್ಯ ಮಾಡಿದೆ. "ನೋಡು ವಡಿವು, ನೀನು ತಪ್ಪು ತಿಳ್ಕೊಂಡೆ. ಇಂಟರ್‌ನೆಟ್‌ನಲ್ಲಿ ಸಾವಿರ ಚರ್ಮ ನೋಡಿದೆ. ಸಿನಿಮಾದವರದ್ದು, ವಿಲಾಯ್ತಿಯವರದ್ದು. ನಿನ್ನ ಕೆನ್ನೆ ಮುಂದೆ ಒಂದೂ ನಿಲ್ಲಲಿಲ್ಲ. ಈ ಜಿಲ್ಲೆಯಲ್ಲೇ ಇಂಥದ್ದಿಲ್ಲ ಅಂತ ತಾನೇ ಎಲ್ಲರಿಗೂ ಹಾಕಿದ್ದು. ಸರ್ವಶ್ರೇಷ್ಠ ವಸ್ತು ಅಂತ ಜೋಪಾನವಾಗಿ ಇಟ್ಕೊಂಡಿದ್ದೀನಿ."

ಅವಳ ಕೈ ನಿಂತಿತು. "ನಿಜವಾ?"

"ನಿನ್ನಾಣೆ."

"ಎಲ್ಲಿ, ತೋರಿಸಿ."

ನನಗೆ ಹುರುಪು ಬಂತು. ಕೈಹಿಡಿದು ಕರೆದುಕೊಂಡು ಹೋಗಿ ನನ್ನ ಕುರ್ಚಿಯಲ್ಲೇ ಕೂರಿಸಿದೆ. ಇಳವೆನಿಲ್ ಕೂಡ ಬಂದು ಹಿಂದೆ ನಿಂತಳು. ಕಂಪ್ಯೂಟರ್ ಹಚ್ಚಿ, ಆ ಫೋಲ್ಡರ್ ಡಬ್ಬಿ ತೆರೆದು, ಈ ಡಬ್ಬಿ ತೆರೆದು, ಕೊನೆಗೆ ಚರ್ಮದ ಡಬ್ಬಿ ತೆರೆದೆ. ತೆರೆದ ಕೂಡಲೇ ಮುಚ್ಚಲು ಹೋದೆ, ಹೊತ್ತು ಮೀರಿತ್ತು. ಎರಡು ವರ್ಷದ ಹಿಂದೆ, ಚರ್ಮ ಹುಡುಕುತ್ತಿದ್ದ ಆ ಹತಾಶೆಯ ದಿನಗಳಲ್ಲಿ, ನಾನು ಗೋಣಿಚೀಲ, ಹಲಸಿನ ಸಿಪ್ಪೆ, ಸುಣ್ಣ ಕಿತ್ತ ಗೋಡೆ ಎಲ್ಲದರ ಹತ್ತಿರದ ಫೋಟೋ ತೆಗೆದು ಪರೀಕ್ಷಿಸಿದ್ದೆ. ಎಲ್ಲವನ್ನೂ 'ಒರಟು ಸಾಮಾನು' ಅಂತ ಒಂದೇ ಡಬ್ಬಿಯಲ್ಲಿ ಇಟ್ಟಿದ್ದೆ. ವಡಿವುವಿನ ಕೆನ್ನೆಯೂ ಅಲ್ಲೇ ಇತ್ತು. ಅದರ ಕೆಳಗೆ ನಾನೇ ಅವಸರದಲ್ಲಿ ಬರೆದ ಹೆಸರು, ಅವಳಿಗೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಇತ್ತು. 'ಹಳೇ ಗೋಡೆ ಮೂರು.'

"ಒಂದು, ಎರಡು ಯಾವುದು?" ಅಂದಳು ವಡಿವು.

"ಅವು ನಿಜವಾದ ಗೋಡೆ" ಅಂದೆ.

ಇಳವೆನಿಲ್ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದಳು. ವಡಿವು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಕುರ್ಚಿಯಿಂದ ಅವಳು ಏಳಲೇ ಇಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಮಗಳು ಪಕ್ಕದಲ್ಲಿ ನಿಂತು, "ಅಮ್ಮಾ, ಈ ಕಡ್ಡಿ ಎಳೆದರೆ ನುಣುಪು, ಈ ಕಡ್ಡಿ ಎಳೆದರೆ ಚರ್ಮ" ಅಂತ ಹೇಳಿಕೊಡುತ್ತಿದ್ದಾಳೆ. ನಾನು ಇಪ್ಪತ್ತು ವರ್ಷದಲ್ಲಿ ಕಲಿತ ಗುಪ್ತವಿದ್ಯೆಯನ್ನು ನನ್ನ ಹೆಂಡತಿ ದೋಸೆ ಹಿಟ್ಟು ಹುದುಗುವಷ್ಟರಲ್ಲಿ ಕಲಿತುಬಿಟ್ಟಳು.

ಒಂಬತ್ತನೇ ದಿನ ಸೌಂದರವಲ್ಲಿಯವರೇ ಫೋನ್ ಮಾಡಿದರು. ಮದುವೆಗೆ ಒಪ್ಪಿಗೆ, ಬೇಸಿಗೆಯ ವೈಕಾಸಿ ತಿಂಗಳಲ್ಲಿ ಮುಹೂರ್ತ. ಒಂದೇ ಷರತ್ತು. ಮಂಟಪದ ಮುಂದಿನ ಬ್ಯಾನರಿನಲ್ಲಿ ಎಲ್ಲರ ಮುಖವೂ ಅವರವರ ಗುರುತುಗಳೊಂದಿಗೆ ಇರಬೇಕು, ತಾನು ಕನ್ನಡಕ ಹಾಕಿಕೊಂಡು ತಾಳೆ ನೋಡುತ್ತೇನೆ, ಮತ್ತು ಬೀಗರು ಕಂಪ್ಯೂಟರ್ ಮುಟ್ಟಕೂಡದು.

"ಅವರು ಮುಟ್ಟಲ್ಲ, ನಾನು ಮಾಡ್ತೀನಿ" ಅಂದಳು ವಡಿವು. ಫೋನ್ ಇಟ್ಟು ಮಗಳನ್ನು ತಬ್ಬಿಕೊಂಡು ಅತ್ತಳು. ನಾನೂ ತಬ್ಬಿಕೊಳ್ಳಲು ಹೋದೆ. ಜಾಗವಿರಲಿಲ್ಲ.

ಬ್ಯಾನರ್ ಹೇಗೆ ಬರುತ್ತಿದೆ ಅಂತ ನೋಡಲು ನಾನು ಎಷ್ಟು ಸಲ ಇಣುಕಿದರೂ ವಡಿವು ಪರದೆ ಆರಿಸಿಬಿಡುತ್ತಿದ್ದಳು. "ನನ್ನದು ಚೆನ್ನಾಗಿ ಮಾಡು ಮತ್ತೆ" ಅಂದೆ ಒಂದು ದಿನ. "ಬಹಳ ಚೆನ್ನಾಗಿ ಮಾಡಿದೀನಿ, ನಿಮ್ಮಷ್ಟು ಹೊಳೆಯೋ ಮುಖ ಬ್ಯಾನರಿನಲ್ಲಿ ಇನ್ನೊಂದಿಲ್ಲ" ಅಂದಳು. ಉಬ್ಬಿಹೋದೆ. ಕೋಪ ಇಳಿದಿದೆ ಅಂದುಕೊಂಡೆ.

ಮದುವೆ ದಿನ ಬೆಳಿಗ್ಗೆ ರೇಷ್ಮೆ ಪಂಚೆ ಉಟ್ಟುಕೊಂಡು ಮಂಟಪದ ಬಾಗಿಲಿಗೆ ಬಂದೆ. ಇಪ್ಪತ್ತಡಿ ಬ್ಯಾನರ್. ಮಧ್ಯದಲ್ಲಿ ಇಳವೆನಿಲ್, ಹಣೆಯ ಮೇಲೆ ಮೊಡವೆ ಮೂರು, ಒಂದೊಂದೂ ನಿಂಬೆಹಣ್ಣಿನಷ್ಟು. ಪಕ್ಕದಲ್ಲಿ ಕದಿರವನ್, ಹುಬ್ಬಿನ ಮೇಲೆ ಹಸು ಹಾಯ್ದ ಗುರುತು. ಅವನ ತಾಯಿ, ಮೂಗಿನ ಪಕ್ಕ ನರಹುಲಿ ಸಮೇತ. ಈಚೆ ವಡಿವು, ಎಡಗೆನ್ನೆಯಲ್ಲಿ ಬಟ್ಟಲಷ್ಟು ದೊಡ್ಡ ಗುಳಿ, ಎರಡು ಚುಕ್ಕೆ. ಎರಡು ವರ್ಷ ಊರೂರು ಸುತ್ತಿ ಅವು ಕೊನೆಗೆ ಸ್ವಂತ ಮನೆಗೆ ಬಂದಿದ್ದವು. ನಿಜ ಹೇಳುತ್ತೇನೆ, ಅವಳು ಅಷ್ಟು ಚೆನ್ನಾಗಿದ್ದಾಳೆ ಅಂತ ನನಗೆ ಇಪ್ಪತ್ತಾರು ವರ್ಷ ಗೊತ್ತಾಗಿರಲಿಲ್ಲ.

ಅವಳ ಪಕ್ಕ ನಾನಿರಲಿಲ್ಲ. ಕೆಳಗಿನ ಸಾಲಲ್ಲಿ ಹುಡುಕಿದೆ, ಇರಲಿಲ್ಲ. ಕತ್ತೆತ್ತಿದೆ. ಮೇಲಿನ ಸಾಲಲ್ಲಿ ನನ್ನ ತೀರಿಕೊಂಡ ತಂದೆ, ನನ್ನ ತೀರಿಕೊಂಡ ತಾಯಿ, ಅವರಿಬ್ಬರ ನಡುವೆ ನಾನು. ಒಂದು ರಂಧ್ರವಿಲ್ಲ, ಒಂದು ಗೆರೆಯಿಲ್ಲ. ಕಡ್ಡಿಯನ್ನು ಬಲಕ್ಕೆ ಕೊನೇವರೆಗೂ ಎಳೆದಿದ್ದಳು. ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿದ್ದೆ.

ನಾನು ಬಾಯಿ ತೆರೆದು ನಿಂತಿರುವಾಗಲೇ ವಿರಾಲಿಮಲೈಯಿಂದ ನನ್ನ ದೊಡ್ಡಪ್ಪನ ಮಗ ಪಿಚ್ಚೈಮುತ್ತು ಬಸ್ಸಿಳಿದ. ದೂರದಿಂದಲೇ ಬ್ಯಾನರ್ ನೋಡಿದ. ನಿಂತ. ಹೆಗಲ ಮೇಲಿದ್ದ ವಲ್ಲಿಯಿಂದ ಕಣ್ಣು ಒತ್ತಿಕೊಂಡ. ಅಲ್ಲೇ ಪಕ್ಕದ ಹೂವಿನಂಗಡಿಗೆ ಹೋಗಿ ಒಂದು ಗುಲಾಬಿ ಹಾರ ಕೊಂಡು, ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಬಂದ.

"ಹೋದ ತಿಂಗಳು ತಾನೇ ಆಹ್ವಾನ ಕೊಡೋಕೆ ಬಂದಿದ್ದ. ಚೆನ್ನಾಗಿದ್ದನಲ್ಲ. ಮಗಳ ಮದುವೆ ನೋಡೋ ಯೋಗ ಇಲ್ಲದೇ ಹೋಯ್ತಲ್ಲ" ಅಂತ ನನ್ನ ಭುಜದ ಮೇಲೇ ಕೈಯಿಟ್ಟು ಅತ್ತ.

"ಪಿಚ್ಚೈ, ನಾನು ಕಣೋ" ಅಂದೆ.

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಹಾರ ಕೈಜಾರಿ ನನ್ನ ಕಾಲ ಮೇಲೆ ಬಿತ್ತು. ಆಮೇಲೆ ಅವನನ್ನು ಕೂರಿಸಿ ಸೋಡಾ ಕುಡಿಸಬೇಕಾಯಿತು.

ಅವನೊಬ್ಬನೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನಾಗಸ್ವರದವರು ಒಳಗೆ ಬಂದು, "ಮನೆ ಯಜಮಾನರು ಇಲ್ಲವಂತೆ, ಮಂಗಳವಾದ್ಯ ಜೋರಾಗಿ ನುಡಿಸಬಹುದಾ?" ಅಂತ ನನ್ನನ್ನೇ ಕೇಳಿದರು. ಚೊಕ್ಕಲಿಂಗಂ, ಎಲ್ಲ ಗೊತ್ತಿದ್ದ ಚೊಕ್ಕಲಿಂಗಂ, ಬ್ಯಾನರಿಗೆ ಕೈಮುಗಿದು, ಆಮೇಲೆ ನನಗೂ ಕೈಮುಗಿದು ಒಳಗೆ ಹೋದ. ಎಂಟು ಗಂಟೆ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪನ್ನೀರು ಚಿಮುಕಿಸುವ ಬದಲು, "ನಾನು ಇದ್ದೀನಿ, ನಾನು ಇದ್ದೀನಿ" ಅಂತ ಹೇಳುತ್ತಿದ್ದೆ.

ಸೌಂದರವಲ್ಲಿ ಬಂದರು. ಕನ್ನಡಕ ಹಾಕಿಕೊಂಡರು. ಒಂದೊಂದು ಮುಖವನ್ನೂ ಬೆರಳಿಟ್ಟು ತಾಳೆ ನೋಡಿ, "ಸರಿ, ಸರಿ, ಸರಿ" ಅಂದರು. ನನ್ನ ಮುಖದ ಹತ್ತಿರ ಬೆರಳು ನಿಂತಿತು.

"ಇವರದ್ದು ಒಂದು ಗುರುತೂ ಇಲ್ಲವಲ್ಲ ವಡಿವು. ನಾವು ಪಿಂಚಣಿಯವರು ವರ್ಷಕ್ಕೊಂದು ಸಲ ಬದುಕಿದ್ದೀವಿ ಅಂತ ಪತ್ರ ಕೊಡಬೇಕು. ಈ ಫೋಟೋ ಹಚ್ಚಿ ಕೊಟ್ಟರೆ ಯಾವ ಅಧಿಕಾರಿಯೂ ಸಹಿ ಹಾಕಲ್ಲ."

"ಇದ್ದಾರೆ ಅತ್ತಿಗೆ" ಅಂದಳು ವಡಿವು ನನ್ನ ಕಡೆ ನೋಡದೆ. "ಬೆಳಿಗ್ಗೆಯಿಂದ ಮೂರು ಸಲ ಕಾಫಿ ಕೇಳಿದಾರೆ."

ಇಬ್ಬರೂ ಕೈಹಿಡಿದುಕೊಂಡು ಒಳಗೆ ಹೋದರು. ತಾಳಿ ಕಟ್ಟುವಾಗ ಇಳವೆನಿಲ್ ತುಟಿ ಕಚ್ಚಿ ನಗು ತಡೆದದ್ದನ್ನೂ, ಕದಿರವನ್ ಅದನ್ನು ನೋಡಿ ಬೆವೆತದ್ದನ್ನೂ ನಾನು ಬದುಕಿದ್ದೇ ನೋಡಿದೆ. ಅಷ್ಟು ಸಾಕು.

ಊಟದ ಸಾಲಲ್ಲಿ ವಡಿವು ಪಾಯಸ ಬಡಿಸಲು ಬಂದಾಗ ಮೆಲ್ಲಗೆ ಹೇಳಿದೆ, "ಮುಂದೆಯಾದರೂ ನನ್ನ ಮುಖಕ್ಕೆ ಒಂದಿಷ್ಟು ಚರ್ಮ ಹಾಕಮ್ಮ. ಊರಿಗೆಲ್ಲ ಇದೆ, ನನಗೊಬ್ಬನಿಗೆ ಇಲ್ಲ."

"ಯಾರದ್ದು ಹಾಕಲಿ? ನನ್ನದು ಹಳೇ ಗೋಡೆ."

"ನನ್ನದೇ ಹಾಕು."

"ನಿಮ್ಮದು ನನ್ನ ಹತ್ರ ಇಲ್ಲ. ಒಂದು ದಿನ ಕಿಟಕಿ ಹತ್ರ ಕೂತಿರಿ. ನೀವು ಕೇಳದೇ ತೆಗೀತೀನಿ" ಅಂದು ಮುಂದಿನ ಎಲೆಗೆ ಹೋದಳು.

ಇದಾಗಿ ಮೂರು ತಿಂಗಳು. ಅಂದಿನಿಂದ ನಮ್ಮ ಮನೆಯಲ್ಲಿ ನುಗ್ಗೆಸೊಪ್ಪು ಬಿಡಿಸುವುದು ನಾನೇ. ಕಿಟಕಿ ಪಕ್ಕ, ಎಡಗೆನ್ನೆಯನ್ನು ಬಿಸಿಲಿಗೆ ಕೊಟ್ಟುಕೊಂಡು, ನಾಲ್ಕು ದಿನಕ್ಕೊಮ್ಮೆ ಕೂರುತ್ತಿದ್ದೆ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಅಷ್ಟು ನುಗ್ಗೆಸೊಪ್ಪು ಖರ್ಚಾಗಿಲ್ಲ. ಅವಳು ಆಚೆ ಈಚೆ ಓಡಾಡುತ್ತಿದ್ದಳು, ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಹೋದ ಭಾನುವಾರ ನಾನು ಅದರ ಆಸೆಯನ್ನೇ ಬಿಟ್ಟು, ಸೊಪ್ಪಿನ ಕಡ್ಡಿ ಹಲ್ಲಲ್ಲಿ ಕಚ್ಚಿಕೊಂಡು ತೂಕಡಿಸುತ್ತಿರುವಾಗ ಕ್ಲಿಕ್ ಅಂತ ಸದ್ದಾಯಿತು. ಕಣ್ಣು ಬಿಟ್ಟರೆ ಅವಳು ಆಗಲೇ ಸ್ಟುಡಿಯೋ ಕಡೆ ನಡೆದಿದ್ದಳು. ಅವತ್ತು ಮಧ್ಯಾಹ್ನ ನಾನೇ ಎದ್ದು ಅವಳ ಎಲೆಗೆ ಎರಡು ಹಪ್ಪಳ ಜಾಸ್ತಿ ಹಾಕಿದೆ.

ನಿನ್ನೆ ಅವಳು ಮಾರುಕಟ್ಟೆಗೆ ಹೋದಾಗ ತಡೆಯಲಾರದೆ ನನ್ನ ಕುರ್ಚಿಯಲ್ಲಿ ಕಳ್ಳನ ಹಾಗೆ ಕೂತು ಕಂಪ್ಯೂಟರ್ ಹಚ್ಚಿದೆ. ನನ್ನನ್ನು ಯಾವ ಡಬ್ಬಿಯಲ್ಲಿ ಇಟ್ಟಿದ್ದಾಳೋ, ಏನು ಹೆಸರಿಟ್ಟಿದ್ದಾಳೋ ಅಂತ ಒಂದೇ ಕುತೂಹಲ. ಗೋಣಿಚೀಲ, ಹಲಸಿನ ಸಿಪ್ಪೆ, ಏನೇ ಇದ್ದರೂ ನುಂಗಿಕೊಳ್ಳಲು ಸಿದ್ಧನಾಗಿದ್ದೆ. 'ಒರಟು ಸಾಮಾನು' ತೆರೆದೆ. ಹಳೇ ಗೋಡೆ ಒಂದು, ಹಳೇ ಗೋಡೆ ಎರಡು ಇದ್ದವು. ಮೂರನೆಯದನ್ನು ಅವಳು ತೆಗೆದುಬಿಟ್ಟಿದ್ದಳು. ಅದರ ಜಾಗದಲ್ಲಿ ನನ್ನ ಕೆನ್ನೆ, ಗಡ್ಡ, ಜೊಲ್ಲು, ಸೊಪ್ಪಿನ ಕಡ್ಡಿ ಸಮೇತ. ಕೆಳಗೆ ಹೆಸರು ಬರೆದಿದ್ದಳು: 'ಇನ್ನೂ ಇದ್ದಾರೆ.'